ಕೊಬ್ಬರಿ ಗಿಟುಕಿನ ವಿಮಾನಯೋಗ

ಮೈಸೂರಿನ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಮುಗಿಸಿ ಬೆಂಚಿನ ಮೇಲೆ ಕೂತಿದ್ದೇ ತಡ, ರಾಯರು ಶುರು ಹಚ್ಚಿಕೊಂಡರು. "ಗುರುವಾರ ದೆಹಲಿಗೆ, ಮಗಳ ಮನೆಗೆ. ಬೆಳಗ್ಗೆ ಒಂಬತ್ತಕ್ಕೆ ವಿಮಾನ. ಹಿಂದಿನ ರಾತ್ರಿ ಊಟ ಮುಗಿಸಿ, ಬೆಂಗಳೂರು ಏರ್‌ಪೋರ್ಟಿಗೆ ಹೋಗೋ ಫ್ಲೈಬಸ್ ಹತ್ತಿಬಿಡೋದು."

"ಮಧ್ಯರಾತ್ರಿ ಇಳಿದು ಏನ್ ಮಾಡ್ತೀರಾ? ರನ್‌ವೇ ಗುಡಿಸ್ತೀರಾ?" ಅಂದರು ಗೌಡರು.

"ನಿಮಗೇನ್ರೀ ಗೊತ್ತು? ನಮ್ಮೂರ ಏರ್‌ಪೋರ್ಟು ಮಂಡಕಳ್ಳಿಯಿಂದ ದೆಹಲಿಗೆ ವಿಮಾನ ಇದ್ದಿದ್ದರೆ ಆಟೋದಲ್ಲಿ ಹೋಗ್ತಿದ್ದೆ. ಇದು ದೇವನಹಳ್ಳಿ."

ರಾಯರ ಭಯ ಸುಳ್ಳಲ್ಲ. ಹೊಸ ಹೆದ್ದಾರಿಯಲ್ಲಿ ಕೆಂಗೇರಿವರೆಗೆ ಒಂದೂವರೆ ಗಂಟೆ. ಅಲ್ಲಿಂದಾಚೆಗೆ ದೇವನಹಳ್ಳಿವರೆಗೂ ದೇವರೇ ಗತಿ.

ಶೆಟ್ರು ಲೆಕ್ಕದ ಮನುಷ್ಯ. "ದೇಶದೊಳಗಿನ ವಿಮಾನ ಅಂದ್ರೆ 60 ನಿಮಿಷ ಮುಂಚೆ ಲಗೇಜ್ ಕೌಂಟರ್ ಬಂದ್. ಎರಡು ಗಂಟೆ ಮುಂಚೆ ಅಲ್ಲಿದ್ರೆ ಧಾರಾಳ ಆಯ್ತು."

"ನಾನು ಮೊಬೈಲಲ್ಲೇ ಚೆಕ್‌ಇನ್ ಮಾಡಿದ್ದೀನಲ್ಲ!"

"ಚೆಕ್‌ಇನ್ ಆಗಿರೋದು ನೀವು ರಾಯರೇ, ನಿಮ್ಮ ಸೂಟ್‌ಕೇಸಲ್ಲ."

ತೀರಾ ಮುಂಚೆ ಹೋದವನ ಪಾಡು ನನಗೆ ಗೊತ್ತು. ಒಂದ್ಸಲ ಐದು ಗಂಟೆ ಮುಂಚೆ ಹೋಗಿ ನಿಂತೆ. "ಇಷ್ಟು ಬೇಗ ತಗೊಳ್ಳಲ್ಲ ಸಾರ್" ಅಂತ ಆ ಹುಡುಗಿ ನಗುನಗುತ್ತಲೇ ವಾಪಸ್ ಕಳಿಸಿದಳು. ಕಾಫಿಗೆ ಹೋದರೂ ಟ್ರಾಲಿ, ಶೌಚಾಲಯಕ್ಕೆ ಹೋದರೂ ಟ್ರಾಲಿ. ಮದುವೆ ಮನೇಲಿ ಬೇರೆಯವರ ಮಗುವನ್ನ ಎತ್ತಿಕೊಂಡು ಓಡಾಡಿದ ಹಾಗೆ.

"ಟೈಮಿನ ಮಾತು ಬಿಡ್ರಪ್ಪ," ಗೌಡರು ಟವೆಲ್ ಕೊಡವಿಕೊಂಡರು. "ನಾನು ಮದ್ದೂರಲ್ಲಿ ಹೈವೇ ಇಳಿದು ವಡೆ ತಿಂದು, ಪಾರ್ಸಲ್ಲೂ ಕಟ್ಟಿಸ್ಕೊಂಡು, ಎರಡು ಗಂಟೆ ಮುಂಚೇನೇ ಮುಟ್ಟಿದ್ದೆ. ಬ್ಯಾಗ್ ಕೊಟ್ಟೆ, ಚೀಟಿ ಇಸ್ಕೊಂಡೆ. ಸೆಕ್ಯೂರಿಟಿ ದಾಟೋ ಹೊತ್ತಿಗೆ ಫೋನು. ಬ್ಯಾಗ್ ತೆಗೆದು ತೋರಿಸ್ಬೇಕಂತೆ! ಹೋಗಿ ನೋಡಿದ್ರೆ ನಮ್ಮಾಕೆ ಕಟ್ಟಿಕೊಟ್ಟಿದ್ದ ಕೊಬ್ಬರಿ, ಹತ್ತು ಗಿಟುಕು. ಜತೆಗೆ ಪವರ್ ಬ್ಯಾಂಕು."

"ಕೊಬ್ಬರಿ ಏನ್ ಮಾಡುತ್ತೆ ಪಾಪ?"

"ಎಣ್ಣೆ ಅಂಶ ಜಾಸ್ತಿಯಂತೆ. ತನ್ನಷ್ಟಕ್ಕೆ ಕಾವು ಏರಿ ಹೊತ್ಕೊಂಡ್ರೂ ಹೊತ್ಕೊಳ್ಬೋದಂತೆ."

ಶೆಟ್ರು ಎದ್ದೇ ನಿಂತರು. "ನಲವತ್ತು ವರ್ಷ ನಮ್ಮ ಅಂಗಡೀಲಿ ಮೂಟೆಗಟ್ಟಲೆ ಕೊಬ್ಬರಿ ಬಿದ್ದಿತ್ತು! ಬೆಲೆ ಬಿಟ್ರೆ ಇನ್ನೇನೂ ಹೊತ್ಕೊಂಡಿದ್ದು ನಾನು ಕಾಣೆ!"

"ಅದನ್ನ ಅಲ್ಲಿ ಬಂದು ಹೇಳ್ಬೇಕಿತ್ತು ನೀವು. ಪವರ್ ಬ್ಯಾಂಕು ಕೈಚೀಲದಲ್ಲೇ ಇರ್ಬೇಕಂತೆ, ಅದನ್ನ ವಾಪಸ್ ಕೊಟ್ರು. ಕೊಬ್ಬರಿ ಬುಟ್ಟಿಗೆ ಹೋಯ್ತು. ಒಂದು ಗಿಟುಕು ಮಾತ್ರ ಅಲ್ಲೇ ನಿಂತು ಕಚ್ಕೊಂಡು ತಿಂದೆ. ಬೆಲ್ಲ ಇರಲಿಲ್ಲ, ಅದೇ ಬೇಜಾರು."

ರಾಯರು ಮಾತೇ ಆಡಲಿಲ್ಲ. ಮೂರು ದಿನದಿಂದ ಬಚ್ಚಲುಮನೆ ತೂಕದ ಯಂತ್ರದ ಮೇಲೆ ಸೂಟ್‌ಕೇಸ್ ತಬ್ಬಿಕೊಂಡು ನಿಂತು, 15 ಕಿಲೋ ದಾಟದ ಹಾಗೆ ಒಂದೊಂದೇ ಪೊಟ್ಟಣ ತೆಗೆದು ಹಾಕುತ್ತಿದ್ದ ಮನುಷ್ಯ ಅವರು. ತೂಕ ನೋಡಿದ್ದರೇ ಹೊರತು ಒಳಗೇನಿದೆ ಅಂತ ನೋಡಿರಲಿಲ್ಲ.

"ಕೊಬ್ಬರಿ ಮಿಠಾಯಿ ಇದೆ," ಅಂದರು ಮೆಲ್ಲಗೆ. "ಅದೂ ಕೊಬ್ಬರಿ ಲೆಕ್ಕಾನಾ?"

"ಅದು ಹಸಿ ಕಾಯಿದಲ್ವಾ?" ಅಂದೆ ನಾನು.

"ನಮ್ಮನೇಲಿ ಒಣಕೊಬ್ಬರಿ ತುರಿದೇ ಮಾಡೋದು."

"ಸಕ್ಕರೆ ಸೇರಿದ ಮೇಲೆ ಅದು ಮಂಡ್ಯದ್ದು, ಬಿಡಿ," ಅಂದರು ಶೆಟ್ರು.

ಗೌಡರು ಮಾತ್ರ ಗಂಭೀರವಾಗಿ ತಲೆಯಾಡಿಸಿದರು. "ರಿಸ್ಕ್ ಬೇಡ ರಾಯರೇ. ನಾಳೆ ವಾಕಿಂಗಿಗೆ ಬರೋವಾಗ ಡಬ್ಬ ತನ್ನಿ. ಇಲ್ಲೇ ಚೆಕ್ ಮಾಡಿ ಕಳಿಸ್ತೀವಿ."