ಮಳೆ ಹಿಡಿದಾಗಿನಿಂದ ಮುಂಬಾಗಿಲಿನ ಸ್ಮಾರ್ಟ್ ಲಾಕ್ ಬೀಳುತ್ತಿಲ್ಲ, ದಯವಿಟ್ಟು ದಾರಿ ತೋರಿಸಿ

ಶಹಾಪುರ_ಬೆಳಗಾವಿ:
ಎಲ್ಲರಿಗೂ ನಮಸ್ಕಾರ. ಹತ್ತು ಸಾವಿರ ರೂಪಾಯಿಯೊಳಗಿನ ಸ್ಮಾರ್ಟ್ ಲಾಕ್ ಒಂದನ್ನು ಬೇಸಿಗೆಯಲ್ಲಿ ಮುಂಬಾಗಿಲಿಗೆ ಹಾಕಿಸಿದ್ದೆ. ಆಗ ಯಾವ ತೊಂದರೆಯೂ ಇರಲಿಲ್ಲ. ಮಳೆ ಹಿಡಿದ ಮೇಲೆ ಬಾಗಿಲು ಮುಚ್ಚಿದರೆ ಮೋಟಾರು ತಿರುಗಿದ ಸದ್ದು ಬರುತ್ತದೆ, ಬೋಲ್ಟ್ ಸ್ವಲ್ಪ ಹೊರಬಂದು ಹಿಂದಕ್ಕೆ ಸರಿಯುತ್ತದೆ, ಆಮೇಲೆ ಬೀಪ್ ಎಂದು ಕೂಗುತ್ತದೆ. ಸೆಲ್‌ಗಳೂ ಬೇಗ ಮುಗಿಯುತ್ತಿವೆ. ಹಗಲಿನಲ್ಲಿ ಅವ್ವ ಒಬ್ಬರೇ ಮನೆಯಲ್ಲಿರುತ್ತಾರೆ. ಬಾಗಿಲು ಭದ್ರವಾಯಿತೋ ಇಲ್ಲವೋ ಎಂದು ಕಚೇರಿಯಲ್ಲಿ ಕುಳಿತು ಮತ್ತೆ ಮತ್ತೆ ಮೊಬೈಲ್ ನೋಡುವಂತಾಗಿದೆ. ಸಹಾಯವಾಣಿಯವರು ರೀಸೆಟ್ ಮಾಡಿ ಎನ್ನುವುದನ್ನು ಬಿಟ್ಟು ಬೇರೆ ಮಾತೇ ಆಡುತ್ತಿಲ್ಲ.

ನವನಗರ_ಬಾಗಲಕೋಟೆ:
ಇದು ಸೆಲ್ಲಿನದೇ ಸಮಸ್ಯೆ ಸರ್. ರೀಚಾರ್ಜ್ ಸೆಲ್ ಹಾಕಿದ್ದೀರಾ? ಆಲ್ಕಲೈನ್ ಸೆಲ್ 1.5 ವೋಲ್ಟ್ ಕೊಡುತ್ತದೆ, ರೀಚಾರ್ಜ್ ಸೆಲ್ಲಿನದು 1.2 ವೋಲ್ಟ್. ನಾಲ್ಕು ಸೇರಿದರೆ 6 ವೋಲ್ಟ್ ಬರಬೇಕಾದಲ್ಲಿ 4.8 ಮಾತ್ರ ಬರುತ್ತದೆ. ಅಷ್ಟರಲ್ಲಿ ಮೋಟಾರಿಗೆ ಶಕ್ತಿ ಸಾಲುವುದಿಲ್ಲ.

ಶಹಾಪುರ_ಬೆಳಗಾವಿ:
ಹೊಸ ಆಲ್ಕಲೈನ್ ಸೆಲ್‌ಗಳನ್ನೇ ಹಾಕಿದ್ದೇನೆ. ಹಾಕಿದ ದಿನವೂ ಇದೇ ತೊಂದರೆ ಇತ್ತು.

ನವನಗರ_ಬಾಗಲಕೋಟೆ:
ಹಾಗಾದರೆ ಹಳೆಯವು, ಹೊಸವು ಬೆರೆತಿರಬೇಕು, ಇಲ್ಲವೇ ಒಳಗಿನ ಸ್ಪ್ರಿಂಗಿಗೆ ಮಳೆಗಾಲದ ತೇವಕ್ಕೆ ತುಕ್ಕು ಹಿಡಿದಿರಬೇಕು. ಸ್ಪ್ರಿಂಗನ್ನು ಒರೆಸಿ, ನಾಲ್ಕನ್ನೂ ಒಂದೇ ಪೊಟ್ಟಣದಿಂದ ತೆಗೆದು ಹಾಕಿ ನೋಡಿ. ಮೋಟಾರು ತಿರುಗಿಯೂ ಬೋಲ್ಟ್ ಹೊರಬರುವುದಿಲ್ಲವೆಂದರೆ ವೋಲ್ಟೇಜ್ ಬಿಟ್ಟು ಬೇರೆ ಕಾರಣ ನನಗಂತೂ ಕಾಣುವುದಿಲ್ಲ.

ವಿಜಯಪುರ_ವೈರಿಂಗ್:
ಸೆಲ್ ಬೇಗ ಮುಗಿಯುವುದಕ್ಕೆ ವೈಫೈ ಕಾರಣ. ಲಾಕಿಗೆ ನೇರವಾಗಿ ವೈಫೈ ಕೊಡಬಾರದು, ಬ್ಲೂಟೂತ್ ಒಂದಿದ್ದರೆ ಸಾಕು. ಕರೆಂಟ್ ಹೋಗಿ ರೌಟರ್ ಆರಿದಾಗ ಲಾಕ್ ಸಂಪರ್ಕ ಹುಡುಕುತ್ತ ಸೆಲ್ ತಿನ್ನುತ್ತದೆ.

ನವನಗರ_ಬಾಗಲಕೋಟೆ:
ಕಚೇರಿಯಿಂದ ಬಾಗಿಲು ನೋಡಬೇಕಾದವರಿಗೆ ಬ್ಲೂಟೂತ್ ಏನು ಪ್ರಯೋಜನ? ನಾನು ರೌಟರನ್ನು ಇನ್ವರ್ಟರಿಗೆ ಜೋಡಿಸಿ, ಲಾಕಿಗೆಂದೇ 2.4 ಗಿಗಾಹರ್ಟ್ಸ್ ಜಾಲವನ್ನು ಬೇರೆ ಹೆಸರಿನಲ್ಲಿ ಇಟ್ಟಿದ್ದೇನೆ. ಲಾಕ್, ಕ್ಯಾಮೆರಾ, ಗೇಟಿನ ಮೋಟಾರು ಮೂರೂ ಒಂದೇ ಆ್ಯಪಿನಲ್ಲಿ ನಡೆಯುತ್ತಿವೆ, ಒಮ್ಮೆಯೂ ಕೈಕೊಟ್ಟಿಲ್ಲ.

ಖಾನಾಪುರ_ಬಡಿಗ:
ಸೆಲ್, ವೈಫೈ ಎರಡನ್ನೂ ಸ್ವಲ್ಪ ಬದಿಗಿಡೋಣ. ಶಹಾಪುರದ ಅಣ್ಣನವರು ಬಾಗಿಲನ್ನು ಪೂರ್ತಿ ತೆರೆದಿಟ್ಟು ಲಾಕ್ ಒತ್ತಲಿ. ತೆರೆದಾಗ ಬೋಲ್ಟ್ ಸಲೀಸಾಗಿ ಪೂರ್ತಿ ಹೊರಬಂದರೆ ಲಾಕಿನಲ್ಲಿ ದೋಷವಿಲ್ಲ, ಬಾಗಿಲಿನಲ್ಲಿದೆ. ಇನ್ನೊಂದು ಮಾತು: ನಿಮ್ಮದು ಒಂದೇ ಕದದ ಬಾಗಿಲೋ, ಜೋಡಿ ಬಾಗಿಲೋ?

ಶಹಾಪುರ_ಬೆಳಗಾವಿ:
ತೆರೆದಿಟ್ಟಾಗ ಪ್ರತಿ ಸಲವೂ ಸರಿಯಾಗಿ ಹೊರಬರುತ್ತಿದೆ! ಬಾಗಿಲು ಅಜ್ಜನ ಕಾಲದ ಸಾಗವಾನಿಯದು, ಜೋಡಿ ಬಾಗಿಲೇ. ನಮ್ಮ ಓಣಿಯ ಹಳೆಯ ಮನೆಗಳಿಗೆಲ್ಲ ಹಾಗೆಯೇ ಇರುವುದರಿಂದ ಬೇರೆಯಾಗಿ ಬರೆಯಲಿಲ್ಲ.

ಖಾನಾಪುರ_ಬಡಿಗ:
ವಿಷಯ ಅಲ್ಲಿಯೇ ಇದೆ. ಒಂಟಿ ಕದದ ಬಾಗಿಲಿನಲ್ಲಿ ಬೋಲ್ಟ್ ಹೋಗಿ ಕೂರುವ ತೂತು ಚೌಕಟ್ಟಿನಲ್ಲಿರುತ್ತದೆ, ಚೌಕಟ್ಟು ಅಲುಗಾಡುವುದಿಲ್ಲ. ಜೋಡಿ ಬಾಗಿಲಿನಲ್ಲಿ ಆ ತೂತು ಎರಡನೆಯ ಕದದ ಮೇಲಿರುತ್ತದೆ, ಮತ್ತು ಆ ಕದವನ್ನು ಹಿಡಿದು ನಿಲ್ಲಿಸುವುದು ಮೇಲೆ ಕೆಳಗೆ ಇರುವ ಟವರ್ ಬೋಲ್ಟುಗಳು, ಅಂದರೆ ಕೈಯಿಂದ ಸರಿಸುವ ಚಿಲಕಗಳು ಮಾತ್ರ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ. ಉದ್ದಕ್ಕೆ ಉಬ್ಬುವುದು ತೀರಾ ಕಡಿಮೆ, ಅಡ್ಡಕ್ಕೆ ಹೆಚ್ಚು. ಎರಡೂ ಕದಗಳು ಅಗಲವಾಗಿ ಒಂದನ್ನೊಂದು ತಳ್ಳಿದಾಗ, ಹಿಡಿತ ಸಡಿಲವಾಗಿರುವ ಕದ ತುಸು ಸರಿದು, ಅದರೊಂದಿಗೆ ತೂತೂ ಸರಿಯುತ್ತದೆ. ಲಾಕಿನ ಬೋಲ್ಟಿನ ತುದಿ ತೂತಿನ ಸುತ್ತಲಿನ ತಗಡಿಗೆ ಬಡಿದ ಕೂಡಲೇ ಲಾಕ್ ತಡೆಯನ್ನು ಗುರುತಿಸಿ ಅದನ್ನು ಹಿಂದಕ್ಕೆಳೆದು ಬೀಪ್ ಮಾಡುತ್ತದೆ. ಹೀಗೆ ದಿನವಿಡೀ ಮೋಟಾರು ಹೆಣಗುವುದರಿಂದ ಸೆಲ್ ಮುಗಿಯುತ್ತಿದೆ. ನವನಗರದವರು ಸೆಲ್ಲನ್ನು ಗಮನಿಸಿದ್ದು ಸರಿಯೇ, ಆದರೆ ಅದು ಪರಿಣಾಮ, ಮೂಲವಲ್ಲ.

ಬೋಲ್ಟಿನ ತುದಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ ಬಾಗಿಲು ಮುಚ್ಚಿ ಲಾಕ್ ಒತ್ತಿ. ಎಲ್ಲಿ ಬಡಿಯುತ್ತದೆಂದು ತಗಡಿನ ಮೇಲಿನ ಗುರುತು ಹೇಳುತ್ತದೆ. ಹೊಸ್ತಿಲಿನಲ್ಲಿ ಕೆಳಗಿನ ಟವರ್ ಬೋಲ್ಟ್ ಇಳಿಯುವ ಕುಳಿಯನ್ನೂ ನೋಡಿ, ಹಳೆಯ ಮನೆಗಳಲ್ಲಿ ಅದು ಸವೆದು ಅಗಲವಾಗಿರುತ್ತದೆ. ಭದ್ರತೆಯ ದೃಷ್ಟಿಯಿಂದಲೂ ಇದು ಮುಖ್ಯ. ಎರಡನೆಯ ಕದದ ಟವರ್ ಬೋಲ್ಟುಗಳು ಸರಿಯಾಗಿ ಕೂರದಿದ್ದರೆ, ಎಷ್ಟೇ ಬೆಲೆಯ ಲಾಕ್ ಇದ್ದರೂ ಜೋರಾಗಿ ತಳ್ಳಿದವನಿಗೆ ಎರಡೂ ಕದಗಳು ಒಟ್ಟಿಗೇ ತೆರೆದುಕೊಳ್ಳುತ್ತವೆ.

ನವನಗರ_ಬಾಗಲಕೋಟೆ:
ಅಂಚಿಗೆ ರಂದಾ ಹೊಡೆಸಿದರೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ.

ಖಾನಾಪುರ_ಬಡಿಗ:
ಮರ ಉಬ್ಬಿರುವಾಗ ರಂದಾ ಹೊಡೆಸಬಾರದು ಸರ್. ಈಗ ಸರಿಹೋದಂತೆ ಕಂಡರೂ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಕದಗಳ ನಡುವೆ ಸಂದು ಬಿಟ್ಟು, ಬೋಲ್ಟಿನ ಹಿಡಿತ ಕಡಿಮೆಯಾಗುತ್ತದೆ. ಮಳೆಗಾಲ ಮುಗಿದು ಮರ ಆರಿದ ಮೇಲೂ ಉಜ್ಜುತ್ತಿದ್ದರೆ ಮಾತ್ರ ಆ ಮಾತು.

ವಿಜಯಪುರ_ವೈರಿಂಗ್:
ನಮ್ಮ ಕಡೆ ಮಳೆ ಅಷ್ಟಿಲ್ಲ, ಬಿಸಿಲೇ ಹೆಚ್ಚು. ನನ್ನ ಅಣ್ಣನ ಮನೆಯದೂ ಜೋಡಿ ಬಾಗಿಲು. ಅವರು ಲಾಕ್ ಕೊಳ್ಳಬೇಕೆಂದಿದ್ದಾರೆ, ಏನು ನೋಡಬೇಕು?

ಖಾನಾಪುರ_ಬಡಿಗ:
ಮೊದಲು ಕದದ ದಪ್ಪ ಅಳೆಯಲಿ, ಏಕೆಂದರೆ ಪ್ರತಿ ಲಾಕಿಗೂ ಇಷ್ಟರಿಂದ ಇಷ್ಟು ಮಿಲಿಮೀಟರ್ ಎಂಬ ಮಿತಿ ಇದೆ, ಹಳೆಯ ಕದಗಳು ಅದನ್ನು ಮೀರುವುದುಂಟು. ಒಂದು ಕದ ಇನ್ನೊಂದರ ಮೇಲೆ ಏರಿ ಕೂರುವ ಅಂಚಿದ್ದರೆ ಅದರ ಫೋಟೊವನ್ನು ಅಂಗಡಿಯವರಿಗೆ ತೋರಿಸಿಯೇ ಕೊಳ್ಳಲಿ. ಕೀಲಿಕೈಯಿಂದಲೂ ತೆರೆಯುವಂತಿರಬೇಕು, ಸೆಲ್ ಸತ್ತಾಗ ಹೊರಗಿನಿಂದ 9 ವೋಲ್ಟ್ ಬ್ಯಾಟರಿಯನ್ನೋ ಪವರ್ ಬ್ಯಾಂಕನ್ನೋ ಹಿಡಿಯುವ ವ್ಯವಸ್ಥೆಯೂ ಇರಬೇಕು. ನೇರ ಬಿಸಿಲು ಬೀಳುವ ಬಾಗಿಲಾದರೆ ಮೇಲೊಂದು ನೆರಳಿನ ತಗಡು ಹಾಕಿಸಲಿ.

ಶಹಾಪುರ_ಬೆಳಗಾವಿ:
ಕುಂಕುಮದ ಗುರುತು ತೂತಿನ ಹೊರ ಅಂಚಿನ ಮೇಲೆ ಬಿದ್ದಿತ್ತು. ಹೊಸ್ತಿಲಿನ ಕುಳಿಯಲ್ಲಿ ಟವರ್ ಬೋಲ್ಟ್ ಬೆರಳಿಗೇ ಅಲುಗಾಡುತ್ತಿತ್ತು. ಬಡಿಗೇರರನ್ನು ಕರೆಸಿ ಕುಳಿಯ ಮೇಲೆ ಬಿಗಿಯಾದ ತೂತಿನ ಕಬ್ಬಿಣದ ಪಟ್ಟಿಯನ್ನು ಕೂರಿಸಿದ್ದೇನೆ. ನಿನ್ನೆ ರಾತ್ರಿಯೆಲ್ಲ ಜೋರು ಮಳೆ ಇದ್ದರೂ ಲಾಕ್ ಒಂದೇ ಸಲಕ್ಕೆ ಬೀಳುತ್ತಿದೆ. ಬಾಗಿಲಿನ ಮೇಲ್ಭಾಗ ಇನ್ನೂ ಸ್ವಲ್ಪ ಉಜ್ಜುತ್ತಿದೆ, ಅದನ್ನು ದೀಪಾವಳಿಯ ನಂತರ ನೋಡಿಸುತ್ತೇನೆ.