ಪ್ರಶ್ನೋತ್ತರ: ಮಾರ್ಗದರ್ಶಕರಿಗೆ ಶೇಕಡಾ 26 ಏಕೆ ಬೇಕು?

ಬೆಂಗಳೂರಿನ ಕಿರಿಯ ಉತ್ಪಾದಕರ ಗುಂಪು. ಈ ಶನಿವಾರ ಉತ್ತರಿಸುವವರು ಮಲ್ಲೇಶ್ವರದಲ್ಲಿ ವೃತ್ತಿ ನಡೆಸುವ ಕಂಪನಿ ಸೆಕ್ರೆಟರಿ, ಅಂದರೆ ಕಂಪನಿ ಕಾನೂನಿನ ಸಲಹೆಗಾರರು.

ಸದಸ್ಯ, ವಿಜಯನಗರ: ನಮಸ್ಕಾರ ಮೇಡಂ. 3ಡಿ ಮುದ್ರಣದ ಮೊಬೈಲ್ ಸ್ಟ್ಯಾಂಡ್‌ಗಳನ್ನು ಮನೆಯಲ್ಲೇ ಮಾಡಿ ಮಾರಲು ಆರಂಭಿಸಿದ್ದೇನೆ. ಜಿಎಸ್‌ಟಿ ನೋಂದಣಿ ಈಗಲೇ ಬೇಕೇ?

ಉತ್ತರ: ನಮಸ್ಕಾರ. ಸರಕನ್ನಷ್ಟೇ ರಾಜ್ಯದೊಳಗೆ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಕಡ್ಡಾಯವಲ್ಲ. ಆದರೆ ಅತ್ತಿಬೆಲೆ ದಾಟಿಸಿ ಹೊಸೂರಿನ ಗಿರಾಕಿಗೆ ಒಂದೇ ಒಂದು ಸ್ಟ್ಯಾಂಡ್ ಮಾರಿದರೂ ಅದು ಅಂತರರಾಜ್ಯ ಮಾರಾಟವಾಗುತ್ತದೆ, ಆಗ ನೋಂದಣಿ ಬೇಕು.

ಸದಸ್ಯೆ, ಹನುಮಂತನಗರ: ಸುವಾಸನೆಯ ಮೇಣದಬತ್ತಿ ಮಾಡುತ್ತೇನೆ. ಡಬ್ಬಿಯ ಮೇಲೆ ನಿವ್ವಳ ತೂಕವನ್ನು ಗಾಜಿನ ಲೋಟ ಸೇರಿಸಿ ಬರೆಯಬೇಕೇ, ಬಿಟ್ಟು ಬರೆಯಬೇಕೇ?

ಸದಸ್ಯೆ, ರಾಜಾಜಿನಗರ: ನನಗೆ 24 ವರ್ಷ, ಓದಿದ್ದು ಮೆಕ್ಯಾನಿಕಲ್. ಮಡಚಿದಾಗ ಅಲಗು ತಾನಾಗಿಯೇ ಒಳಸರಿದು ಮುಚ್ಚಿಕೊಳ್ಳುವ ಈಳಿಗೆ ಮಣೆಯೊಂದನ್ನು ರೂಪಿಸಿದ್ದೇನೆ. ಪರಿಚಯದ ಹಿರಿಯ ಉದ್ಯಮಿಯೊಬ್ಬರು ಮಾರ್ಗದರ್ಶಕರಾಗಲು ಒಪ್ಪಿದ್ದಾರೆ. ಕಂಪನಿ ತೆರೆದಾಗ ಶೇಕಡಾ 26 ಷೇರು ಮತ್ತು ಅಲ್ಲಿಯವರೆಗೆ ತಿಂಗಳಿಗೆ 15,000 ರೂಪಾಯಿ ಕೇಳಿದ್ದಾರೆ. ಪ್ಲಾಸ್ಟಿಕ್ ತಳದ ಅಚ್ಚನ್ನು ಅವರ ಸಂಬಂಧಿಕರ ಕಾರ್ಖಾನೆಯಲ್ಲಿ ಮಾಡಿಸುತ್ತಿದ್ದು, ಅದಕ್ಕೆ ಅಪ್ಪನ ಉಳಿತಾಯದಿಂದ 3.8 ಲಕ್ಷ ಕೊಟ್ಟಾಗಿದೆ. ಯುಗಾದಿಯಂದು ಇನ್‌ಸ್ಟಾಗ್ರಾಂನಲ್ಲಿ ಮಣೆಯ ವಿಡಿಯೊ ಹಾಕಿದ್ದೆ. ಇದೆಲ್ಲ ಸರಿಯಾಗಿದೆಯೇ?

ಉತ್ತರ: ಇಲ್ಲ. ನಿಮಗೆ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಆ 26. 2013ರ ಕಂಪನಿ ಕಾಯ್ದೆಯ 114ನೇ ಕಲಮಿನ ಪ್ರಕಾರ ಷೇರುದಾರರ ವಿಶೇಷ ನಿರ್ಣಯವೊಂದು ಅಂಗೀಕಾರವಾಗಬೇಕಾದರೆ ಪರವಾಗಿ ಬಿದ್ದ ಮತಗಳು ವಿರೋಧದ ಮತಗಳ ಮೂರು ಪಟ್ಟಾದರೂ ಇರಬೇಕು. ಅವರಲ್ಲಿ 25 ಇದ್ದು ನಿಮ್ಮಲ್ಲಿ 75 ಇದ್ದರೆ ನಿಮ್ಮ ಮಾತು ನಡೆಯುತ್ತದೆ. 26 ಮತ್ತು 74 ಆದರೆ ನಡೆಯುವುದಿಲ್ಲ. ಕಂಪನಿಯ ಹೆಸರು ಬದಲಿಸಲು, ನಿಯಮಾವಳಿ ತಿದ್ದಲು, ನಾಳೆ ಹೊಸ ಹೂಡಿಕೆದಾರರು ಬಂದಾಗ ಅವರಿಗೆ ಷೇರು ಕೊಡಲು ವಿಶೇಷ ನಿರ್ಣಯವೇ ಬೇಕು. ಅಂದರೆ ಒಂದು ರೂಪಾಯಿ ಹೂಡದೆ, ನಿಮ್ಮಿಂದಲೇ ತಿಂಗಳ ಹಣ ಪಡೆಯುತ್ತ, ನಿಮ್ಮ ಕಂಪನಿಯ ಬಾಗಿಲಿಗೆ ಅವರು ಒಳಗಿನಿಂದ ಅಗಳಿ ಹಾಕಬಲ್ಲರು. 25 ಅಲ್ಲ, 30 ಅಲ್ಲ, 26 ಎಂದು ಕೇಳುವವರಿಗೆ ಈ ಲೆಕ್ಕ ತಿಳಿದಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಮಾರ್ಗದರ್ಶಕರಿಗೆ ಶೇಕಡಾ ಒಂದು ಧಾರಾಳವಾಯಿತು, ಅದೂ ಎರಡು ವರ್ಷಗಳಲ್ಲಿ ಕಂತುಕಂತಾಗಿ ದಕ್ಕುವಂತಿರಬೇಕು.

ಇನ್ನು ಅಚ್ಚು. ಬಿಲ್ಲು ಯಾರ ಹೆಸರಿನಲ್ಲಿದೆ ಎಂದು ನೀವು ಬರೆದೇ ಇಲ್ಲ, ನನ್ನ ಆತಂಕವಿರುವುದು ಅಲ್ಲಿಯೇ. ಹಣ ನಿಮ್ಮದಾಗಿ ಬಿಲ್ಲು ಅವರದಾದರೆ, ಜಗಳವಾದ ದಿನ ಅಚ್ಚು ನಿಮ್ಮದೆಂದು ತೋರಿಸುವ ಕಷ್ಟ ನಿಮ್ಮದಾಗುತ್ತದೆ.

ವಿಡಿಯೊದ ವಿಚಾರ. ಮಣೆಯ ಹೊರರೂಪಕ್ಕೆ 2000ದ ವಿನ್ಯಾಸ ಕಾಯ್ದೆಯಡಿ ರಕ್ಷಣೆ ಸಿಗುತ್ತಿತ್ತು. ಅರ್ಜಿಗೆ ಮೊದಲೇ ನೀವೇ ಪ್ರಕಟಿಸಿರುವುದರಿಂದ ಆ ದಾರಿ ಬಹುಪಾಲು ಮುಚ್ಚಿದೆ. ಅಲಗು ಒಳಸರಿಯುವ ಕೀಲು ವಿಡಿಯೊದಲ್ಲಿ ಕಾಣದಿದ್ದರೆ ಪೇಟೆಂಟ್ ಇನ್ನೂ ಸಾಧ್ಯ. ಈಳಿಗೆ ಮಣೆಗೆ ಯಾರೂ ಪೇಟೆಂಟ್ ಕೊಡುವುದಿಲ್ಲ, ಅದು ನಮ್ಮ ಅಜ್ಜಿಯರದು. ಕೀಲು ಮಾತ್ರ ನಿಮ್ಮದು. ತಾತ್ಕಾಲಿಕ ವಿವರಣೆಯೊಂದಿಗೆ ಈ ವಾರವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ಕರ್ನಾಟಕ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ, ವ್ಯಕ್ತಿಗಳಿಗೆ ಶುಲ್ಕ 1,600 ರೂಪಾಯಿ, ಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳಿರುತ್ತದೆ. ಅರ್ಜಿದಾರರ ಜಾಗದಲ್ಲಿ ನಿಮ್ಮ ಹೆಸರಿರಲಿ, ಬೇರೆ ಯಾರದೂ ಬೇಡ.

ಸದಸ್ಯ, ಜಯನಗರ: ಇಷ್ಟೆಲ್ಲ ಖರ್ಚು ಏಕೆ? ನನಗೆ ಬಂದ ಸಂದೇಶವನ್ನು ಹಂಚಿಕೊಳ್ಳುತ್ತಿದ್ದೇನೆ: «ವಿನ್ಯಾಸದ ಚಿತ್ರವನ್ನು ನಿಮ್ಮ ವಿಳಾಸಕ್ಕೆ ನೀವೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿಕೊಂಡು ಲಕೋಟೆ ಒಡೆಯದೆ ಇಟ್ಟುಕೊಳ್ಳಿ, ಅದೇ ಉಚಿತ ಪೇಟೆಂಟ್.»

ಉತ್ತರ: ಮೊಹರಿನ ಲಕೋಟೆ ಪೇಟೆಂಟ್ ಆಗುವುದಿಲ್ಲ. ಈ ಸಂದೇಶವನ್ನು ನಂಬಿ ತಿಂಗಳುಗಟ್ಟಲೆ ಸುಮ್ಮನೆ ಕುಳಿತವರನ್ನು ನಾನು ಕಂಡಿದ್ದೇನೆ. ಇದನ್ನು ಬರೆದವರಿಗೆ ರಿಜಿಸ್ಟರ್ಡ್ ಅಂಚೆಯೇ 2025ರಲ್ಲೇ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿರುವುದೂ ತಿಳಿದಂತಿಲ್ಲ. ದಯವಿಟ್ಟು ಅಳಿಸಿ.

ನಿವೃತ್ತ ಬ್ಯಾಂಕ್ ಅಧಿಕಾರಿ, ಬಸವನಗುಡಿ: ಮೇಡಂ ಅವರು ಆ ಹಿರಿಯರನ್ನು ನೋಡದೆಯೇ ತೀರ್ಪು ಕೊಟ್ಟಂತಿದೆ. ಮೂವತ್ತು ವರ್ಷದ ಅನುಭವವನ್ನು ಧಾರೆ ಎರೆಯುವವರು ಗುರುದಕ್ಷಿಣೆ ಕೇಳಿದರೆ ತಪ್ಪೇನು?

ಅಚ್ಚು ತಯಾರಕ, ಪೀಣ್ಯ: ಗುರು ದಕ್ಷಿಣೆ ಕೇಳುತ್ತಾನೆ, ಶಿಷ್ಯೆಯ ಮನೆಯ ಪತ್ರ ಬರೆಸಿಕೊಳ್ಳುವುದಿಲ್ಲ. ಬಿಲ್ಲಿನಲ್ಲಿ ಹೆಸರಿದ್ದರೂ ಸಾಲದು ತಂಗಿ, ಅಚ್ಚಿನ ಉಕ್ಕಿನ ಮೇಲೆಯೇ ನಿಮ್ಮ ಹೆಸರು ಕೆತ್ತಿಸಿ. ನಮ್ಮ ಕಡೆ ಬಾಕಿ ಇದೆ ಎಂಬ ನೆಪ ಹೇಳಿ ಅಚ್ಚು ಹಿಡಿದಿಟ್ಟುಕೊಳ್ಳುವುದು ಹೊಸದಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ, ಬಸವನಗುಡಿ: ಹಿಡಿದಿಟ್ಟುಕೊಳ್ಳುವವರಲ್ಲಿ ತಾವೂ ಒಬ್ಬರೇ?

ಅಚ್ಚು ತಯಾರಕ, ಪೀಣ್ಯ: ಅಡಮಾನವಿಲ್ಲವೆಂದು ಮೂರು ಸಲ ನನ್ನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದ ಬ್ಯಾಂಕಿನವರಿಂದ ನನಗೆ ನೀತಿಪಾಠ ಬೇಕಾಗಿಲ್ಲ.

ಸದಸ್ಯ, ಯಲಹಂಕ: ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಗೆ 2,500 ಕೇಳುತ್ತಿದ್ದಾರೆ, ಕಡಿಮೆ ದರದವರು ಯಾರಾದರೂ ಇದ್ದಾರೆಯೇ? ಹಾಗೆಯೇ ಮುದ್ರಾ ಸಾಲ ಮಂಜೂರಾಗಿದೆಯೆಂಬ ಪತ್ರ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ, ಶುಲ್ಕ ಕಟ್ಟಬಹುದೇ?

ಉತ್ತರ: ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಉಚಿತ. ಮುದ್ರಾ ಸಂಸ್ಥೆ ನೇರವಾಗಿ ಯಾರಿಗೂ ಸಾಲ ಕೊಡುವುದಿಲ್ಲ, ಬ್ಯಾಂಕುಗಳು ಕೊಡುತ್ತವೆ. ಕಟ್ಟಬೇಡಿ.

ಸದಸ್ಯ, ಕೆಂಗೇರಿ: ಉಪ್ಪಿನಕಾಯಿ ಭರಣಿಗಳನ್ನು ಮಾಡಿಸಿ ಮಾರುತ್ತೇನೆ. ಜಿಎಸ್‌ಟಿ ಬೇಕೇ?

ಉತ್ತರ: ಮೊದಲ ಉತ್ತರ ಓದಿ.

ಸದಸ್ಯೆ, ಹನುಮಂತನಗರ: ನನ್ನ ಮೇಣದಬತ್ತಿಯ ಪ್ರಶ್ನೆ ಹಾಗೆಯೇ ಉಳಿದಿದೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಬಸವನಗುಡಿ: ಎಲ್ಲ ಹಿರಿಯರನ್ನೂ ಕಳ್ಳರಂತೆ ಕಂಡರೆ ನಾಳೆ ಈ ಮಕ್ಕಳಿಗೆ ದಾರಿ ತೋರಿಸುವವರು ಯಾರು?

ಉತ್ತರ: ನಾನು ಯಾರನ್ನೂ ಕಳ್ಳರೆಂದಿಲ್ಲ, ಅಂಕಿಯ ಅರ್ಥ ಹೇಳಿದ್ದೇನೆ. ಮಾರ್ಗದರ್ಶನ ಬೇಕಾದವರು ಬನ್ನೇರುಘಟ್ಟ ರಸ್ತೆಯ ಐಐಎಂನ ಎನ್‌ಎಸ್‌ಆರ್‌ಸಿಇಎಲ್ ಎಂಬ ನವೋದ್ಯಮ ಕೇಂದ್ರವನ್ನು ನೋಡಬಹುದು. ಅದು ಮಹಿಳಾ ಉದ್ಯಮಿಗಳಿಗಾಗಿಯೇ ಕಾರ್ಯಕ್ರಮಗಳನ್ನು ನಡೆಸಿದೆ. ಈ ವಾದವನ್ನು ಮುಂದುವರಿಸುವವರು ಬೇರೆಡೆ ಮುಂದುವರಿಸಿ.

ಸದಸ್ಯೆ, ರಾಜಾಜಿನಗರ: ಮೇಡಂ, ಬಿಲ್ಲು ಸಿಕ್ಕಿತು, ಅದು ಆ ಮಾರ್ಗದರ್ಶಕರ ಸಂಸ್ಥೆಯ ಹೆಸರಿನಲ್ಲಿದೆ. ನಾನು ಬ್ಯಾಂಕಿನಿಂದ ಹಣ ಕಳುಹಿಸಿದಾಗ «ಮಣೆ ಅಚ್ಚು ಮುಂಗಡ» ಎಂದು ಬರೆದಿದ್ದೆ. ಕೀಲು ವಿಡಿಯೊದಲ್ಲಿ ಕಾಣುವುದಿಲ್ಲ, ಮೂರು ಸಲ ನೋಡಿದೆ.

ಉತ್ತರ: ಒಳ್ಳೆಯದು. ಆ ಬ್ಯಾಂಕ್ ವಿವರದ ಪ್ರತಿಯನ್ನು ತೆಗೆದಿಡಿ. ಈ ರಾತ್ರಿಯೇ ಅವರಿಗೆ ವಿನಯದಿಂದ ಒಂದು ಇಮೇಲ್ ಬರೆಯಿರಿ: ಅಚ್ಚಿನ ಹಣವನ್ನು ಇಂಥ ದಿನ ನಾನು ಕೊಟ್ಟಿರುವುದರಿಂದ ಬಿಲ್ಲನ್ನು ನನ್ನ ಹೆಸರಿಗೆ ಬದಲಿಸಿಕೊಡಬೇಕು, ಅಷ್ಟೇ. ಷೇರಿನ ಮಾತನ್ನು ಅದರಲ್ಲಿ ಎತ್ತಬೇಡಿ, ಫೋನಿನಲ್ಲಿ ಮಾತಾಡಬೇಡಿ, ಅಚ್ಚು ನಿಮ್ಮ ಹೆಸರಿಗೆ ಬರುವವರೆಗೆ ಯಾವುದಕ್ಕೂ ಸಹಿ ಹಾಕಬೇಡಿ. ಅವರ ಉತ್ತರ ಬಂದಾಗ ಇಲ್ಲಿ ಹಾಕದೆ ನನಗೆ ನೇರವಾಗಿ ಕಳುಹಿಸಿ.