ಪಂಪ್ ರಿವೈಂಡಿಂಗ್ ಬಿಟ್ಟು ಕಡಲಿನಡಿಯ ಯಂತ್ರಕ್ಕೆ: ಹೋಗಿ ಬಂದವರು ಹೇಳಿ

ಬದಿಯಡ್ಕದಿಂದ ಕೇಳಿದವರು:
ವಯಸ್ಸು 35. ಎಲೆಕ್ಟ್ರಿಕಲ್ ಡಿಪ್ಲೊಮಾ ಆಗಿದೆ. ಹನ್ನೊಂದು ವರ್ಷದಿಂದ ಬೋರ್‌ವೆಲ್ ಪಂಪ್ ರಿವೈಂಡಿಂಗ್ ಅಂಗಡಿ ನಡೆಸುತ್ತಿದ್ದೇನೆ. ಹಡಗಿನಲ್ಲಿ ಕುಳಿತು ಸಮುದ್ರದ ತಳದಲ್ಲಿ ದೂರನಿಯಂತ್ರಿತ ಯಂತ್ರ (ಆರ್‌ಒವಿ) ಓಡಿಸುವ ಪೈಲಟ್‌ಗಳ ವೀಡಿಯೊ ನೋಡಿದಾಗಿನಿಂದ ತಲೆಯಲ್ಲಿ ಅದೇ. ಒಂದು ತರಬೇತಿ ಸಂಸ್ಥೆ ಮೂರು ವಾರಕ್ಕೆ ಎರಡೂವರೆ ಲಕ್ಷ ಕೇಳುತ್ತಿದೆ, ಕೆಲಸ ಖಚಿತ ಎನ್ನುತ್ತಿದೆ. ಕಟ್ಟಬಹುದೇ? ಈಜು ಬಾರದು.

ಕುಂಬಳೆಯಿಂದ:
ಹಣ ಇನ್ನೂ ಕಟ್ಟಿಲ್ಲ ತಾನೆ? ಒಳ್ಳೆಯದಾಯಿತು. ಅಂಥದೇ ಒಂದು ಕಡೆ ನಾನು ಕಟ್ಟಿದ್ದೆ. ‘ಖಚಿತ’ ಕೆಲಸಕ್ಕಾಗಿ ಹದಿನಾಲ್ಕು ತಿಂಗಳು ಕಾದೆ. ಕೊನೆಗೆ ಕೆಲಸ ಕೊಡಿಸಿದ್ದು ಆ ಸರ್ಟಿಫಿಕೇಟ್ ಅಲ್ಲ, ನಾನು ಹಿಂದೆ ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾಗಿನ ಪರಿಚಯ.

ಪೈಲಟ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಹುದ್ದೆಯ ಪೂರ್ತಿ ಹೆಸರು ಪೈಲಟ್ ಟೆಕ್ನಿಷಿಯನ್. ತೂಕವೆಲ್ಲ ಎರಡನೆಯ ಪದದ ಮೇಲೆ. ನಮ್ಮಲ್ಲಿ ಬಾವಿಗೆ ಕೊಡಪಾನ ಬಿದ್ದರೆ ಪಾತಾಳಗರಡಿ ಇಳಿಸುತ್ತೇವಲ್ಲ, ಆರ್‌ಒವಿ ಅದರ ಮರಿಮಗ. ಹಗ್ಗದ ಜಾಗದಲ್ಲಿ ವಿದ್ಯುತ್ತನ್ನೂ ಫೈಬರ್ ಎಳೆಯನ್ನೂ ಹೊತ್ತ ಕೇಬಲ್, ಕೊಕ್ಕೆಯ ಜಾಗದಲ್ಲಿ ಹೈಡ್ರಾಲಿಕ್ ಕೈ. ಕುಳಿತುಕೊಳ್ಳುವುದು ಡೆಕ್ಕಿನ ಮೇಲಿನ ಕಂಟೇನರಿನೊಳಗೆ, ಹನ್ನೆರಡು ಗಂಟೆಯ ಪಾಳಿ. ಅದರಲ್ಲಿ ಜಾಯ್‌ಸ್ಟಿಕ್ ಕೈಗೆ ಬರುವುದು ಸ್ವಲ್ಪ ಹೊತ್ತು. ಉಳಿದದ್ದು ಎಣ್ಣೆ, ಸ್ಪ್ಯಾನರ್, ವರದಿ ಬರೆಯುವುದು.

ಒಂದು ರಾತ್ರಿಯದು ಹೇಳುತ್ತೇನೆ. 300 ಮೀಟರ್ ಆಳದಲ್ಲಿ ಪೈಪಿನ ತಪಾಸಣೆ ನಡೆಯುತ್ತಿತ್ತು. ಇನ್ಸುಲೇಷನ್ ಅಳತೆ ಇಳಿಯತೊಡಗಿತು, ಎಲ್ಲೋ ನೀರು ನುಗ್ಗಿದ ಸೂಚನೆ. ಯಂತ್ರವನ್ನು ಮೇಲೆತ್ತಿ ಡಬ್ಬಿ ಬಿಚ್ಚಿದರೆ ಒಳಗೆ ಒಂದು ಚಮಚ ಉಪ್ಪುನೀರು. ನೀರು ತಡೆಯುವ ರಬ್ಬರ್ ಬಳೆ, ಓ-ರಿಂಗಿನ ಮೇಲೆ ಒರೆಸುವ ಬಟ್ಟೆಯ ಒಂದೇ ಒಂದು ನೂಲು ಅಡ್ಡ ಬಿದ್ದಿತ್ತು. ಪ್ರತಿ ಹತ್ತು ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. ಅಷ್ಟು ಆಳದಲ್ಲಿ ಒತ್ತುವ ನೀರಿಗೆ ಆ ನೂಲೇ ಹೆಬ್ಬಾಗಿಲು. ಒರೆಸಿದವನು ನಾನೇ. ಹಡಗು ಆರು ಗಂಟೆ ಸುಮ್ಮನೆ ನಿಂತಿತು. ಮೇಲಧಿಕಾರಿ ಬೈಯಲಿಲ್ಲ, ಅದು ಇನ್ನೂ ಕಷ್ಟ.

ಬೋರ್‌ವೆಲ್ ಮೋಟಾರಿಗೆ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಿಮ್ಮ ಬಂಡವಾಳ ಅದು. ಓಡಿಸುವುದನ್ನು ಅಲ್ಲಿ ಹೋದ ಮೇಲೆ ಕಲಿಯಬಹುದು. ತಳ ಮುಟ್ಟಿದೊಡನೆ ಕೆಸರೆದ್ದು ಪರದೆಯೆಲ್ಲ ಬಿಳಿಯಾದಾಗ ಏನನ್ನೂ ಮುಟ್ಟದೆ ಕಾಯುವುದು, ಎಡಕ್ಕೆ ಎಷ್ಟು ಸುತ್ತು ತಿರುಗಿತೋ ಲೆಕ್ಕವಿಟ್ಟು ಬಲಕ್ಕೆ ಅಷ್ಟೇ ಬಿಚ್ಚಿ ಕೇಬಲ್ ಮುರುಟದಂತೆ ನೋಡಿಕೊಳ್ಳುವುದು, ಇಂಥವು. ಹೈಡ್ರಾಲಿಕ್ಸ್ ಮತ್ತು ಫೈಬರ್ ಜೋಡಣೆಯನ್ನು ಮಾತ್ರ ಮೊದಲೇ ಕಲಿತುಕೊಳ್ಳಿ, ಅದಕ್ಕೆ ಲಕ್ಷಗಟ್ಟಲೆ ಬೇಡ.

ಈಜಿನ ವಿಷಯ: ಪೈಲಟ್ ನೀರಿಗಿಳಿಯುವುದಿಲ್ಲ. ಆದರೆ ಹೆಲಿಕಾಪ್ಟರಿನಲ್ಲಿ ಹೋಗಬೇಕಾದವರನ್ನು ಅಣಕು ಹೆಲಿಕಾಪ್ಟರಿನಲ್ಲಿ ಕೂರಿಸಿ, ಕೊಳದಲ್ಲಿ ತಲೆಕೆಳಗಾಗಿಸಿ, ಕಿಟಕಿಯಿಂದ ಹೊರಬರಲು ಕಲಿಸುತ್ತಾರೆ. ಈಜುಗಾರರು ಪಕ್ಕದಲ್ಲೇ ಇರುತ್ತಾರೆ, ನಿಜ. ನೀರಿನ ಭಯವಿದ್ದರೆ ಅಲ್ಲೇ ಸೋಲುತ್ತೀರಿ. ಊರಿನ ಕೆರೆಯಲ್ಲಿ ಈಗಲೇ ಇಳಿಯಿರಿ.

ಕೊಚ್ಚಿಯಲ್ಲಿರುವ ನೀರ್ಚಾಲಿನವ:
ಈ ಕೆಲಸಕ್ಕೆ ಕಡಲಿನ ಎಣ್ಣೆ ಬಾವಿಯೊಂದೇ ದಾರಿಯಲ್ಲ. ಇಲ್ಲಿನ ಐರೋವ್ ಕಂಪನಿ ಮಾಡುವ ‘ಟ್ಯೂನಾ’ದಂಥ ಸಣ್ಣ ಯಂತ್ರಗಳನ್ನು ಇಬ್ಬರು ಹೊತ್ತೊಯ್ಯಬಹುದು. ಅಣೆಕಟ್ಟು, ಸೇತುವೆಯ ಕಂಬ, ಹಡಗಿನ ತಳ ನೋಡುವುದಕ್ಕೆ ಇಂಥವು ಸಾಕು. ನಾನು ಮಾಡುತ್ತಿರುವುದೂ ಅದೇ. ಹಣ ಕಡಿಮೆ, ಆದರೆ ರಾತ್ರಿ ಊಟ ಮನೆಯಲ್ಲಿ. ನೀವು ನೋಡಿದ ವೀಡಿಯೊ ‘ಮತ್ಸ್ಯ 6000’ದ್ದಾಗಿದ್ದರೆ ಅದು ಬೇರೆಯೇ. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಮೂವರನ್ನು 6000 ಮೀಟರ್ ಆಳಕ್ಕೆ ಇಳಿಸಲೆಂದು ಕಟ್ಟುತ್ತಿರುವುದು. ಅಲ್ಲಿಗೆ ಅರ್ಜಿ ಹಾಕಿ ಸೇರುವಂತಿಲ್ಲ.

ಮಂಜೇಶ್ವರದಿಂದ:
ನನ್ನ ಯಜಮಾನರು ಈ ಕೆಲಸದಲ್ಲಿದ್ದಾರೆ. ಅಣ್ಣಾ, ಯಾರೂ ಹೇಳದ ಒಂದು ಲೆಕ್ಕ ಹೇಳುತ್ತೇನೆ. ಮುಂಬಯಿ ಕಡಲಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚಿನ ಕೆಲಸ ನಿಲ್ಲುತ್ತದೆ. ಗುತ್ತಿಗೆಯವರಿಗೆ ಹಡಗಿನಲ್ಲಿದ್ದ ದಿನಕ್ಕೆ ಮಾತ್ರ ಹಣ. ಮಳೆ ಸುರಿದು ದುಡಿಮೆ ನಿಲ್ಲುವ ಆಟಿ ತಿಂಗಳು ನಮ್ಮ ಹಿರಿಯರಿಗೆ ಹೇಗಿತ್ತೋ ನಮಗೂ ಹಾಗೆಯೇ. ಶಾಲೆಯ ಶುಲ್ಕ ಕಟ್ಟುವ ಹೊತ್ತಿಗೇ ಕೈ ಖಾಲಿ. ಮನೆಯವರನ್ನು ಕೂರಿಸಿ ಈ ನಾಲ್ಕು ತಿಂಗಳ ಮಾತು ಮೊದಲು ಆಡಿ.

ಬದಿಯಡ್ಕದಿಂದ, ಮರುದಿನ:
ಎಲ್ಲರಿಗೂ ಉಪಕಾರವಾಯಿತು. ಮಳೆಗಾಲದಲ್ಲಿ ಬಂದು ಅಂಗಡಿ ನೋಡಿಕೊಳ್ಳುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಹೆಂಡತಿ ನಕ್ಕಳು. ಪಂಪ್ ಸುಡುವುದು ಜನವರಿಯಿಂದ ಮೇವರೆಗೆ, ಬೋರಿನಲ್ಲಿ ನೀರಿಳಿದಾಗ. ಹಡಗಿನವರು ಕರೆಯುವುದೂ ಆಗಲೇ. ಮಳೆಗಾಲದಲ್ಲಿ ಎರಡು ಕಡೆಯೂ ಬಾಗಿಲು ಹಾಕಿರುತ್ತದೆ! ತರಬೇತಿಯವರಿಗೆ ಫೋನ್ ಮಾಡಿ, ಕಳೆದ ಬ್ಯಾಚಿನಲ್ಲಿ ಕೆಲಸ ಸಿಕ್ಕಿದ ಮೂವರ ನಂಬರ್ ಕೊಡಿ ಎಂದೆ. ಸಂಜೆ ಕೊಡುತ್ತೇವೆ ಎಂದವರು ಇನ್ನೂ ಕೊಟ್ಟಿಲ್ಲ. ಕೊಚ್ಚಿಯವರೇ, ಮುಂದಿನ ಭಾನುವಾರ ಬಂದರೆ ನಿಮ್ಮ ಯಂತ್ರವನ್ನು ಒಮ್ಮೆ ಬಿಚ್ಚಿ ತೋರಿಸುವಿರಾ?